ಬೋಲ್ಟಿನ ಜೊತೆ ಬಂದ ಕಾನೂನು, ತೊಟ್ಟಿಯಲ್ಲೇ ಉಳಿದ ಕಾನೂನು

ನನ್ನ ಕೈಯಲ್ಲಿ ಎರಡು ವಸ್ತು ಇವೆ. ಒಂದು ಹಳೇ ಬೋಲ್ಟು. ಹಳದಿ ಬಣ್ಣ, ಬೆಳಕಿಗೆ ತಿರುಗಿಸಿದರೆ ಅಲ್ಲಲ್ಲಿ ಹಸಿರು, ಗುಲಾಬಿ ಮಿನುಗುತ್ತದೆ. ಇನ್ನೊಂದು ಬಾತ್‌ರೂಮಿನ ನಲ್ಲಿ. ಮುಖ ಕಾಣುವಷ್ಟು ಹೊಳಪು. ಎರಡನ್ನೂ ತಯಾರಿಸುವಾಗ ಹೆಕ್ಸಾವಲೆಂಟ್ ಅನ್ನುವ ರೂಪದ ಕ್ರೋಮಿಯಂ ಬಳಸಿದ್ದಾರೆ. ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾಗಿರುವ ವಸ್ತು ಅದು. ಈಗ ಹೇಳಿ, ಈ ಎರಡನ್ನೂ ಲ್ಯಾಬಿಗೆ ಕೊಟ್ಟರೆ ಯಾವುದರಲ್ಲಿ ಹೆಕ್ಸಾವಲೆಂಟ್ ಸಿಗುತ್ತದೆ?

ಬಹಳ ಜನ ನಲ್ಲಿಯ ಕಡೆ ಕೈ ತೋರಿಸುತ್ತಿದ್ದೀರಿ. ನಲ್ಲಿಯಲ್ಲಿ ಸಿಗುವುದಿಲ್ಲ. ಬೋಲ್ಟಿನಲ್ಲಿ ಸಿಗುತ್ತದೆ.

ನಲ್ಲಿಯ ಮೇಲಿರುವುದು ಕ್ರೋಮಿಯಂ ಲೋಹ. ಪ್ಲೇಟಿಂಗ್ ಮಾಡುವ, ಅಂದರೆ ಲೋಹದ ಲೇಪನ ಹಾಕುವ, ತೊಟ್ಟಿಯಲ್ಲಿ ವಿಷವಾಗಿದ್ದದ್ದು ಕರೆಂಟು ಹರಿದಾಗ ಲೋಹವಾಗಿ ಕೂತಿದೆ. ಆಮೇಲೆ ತೊಳೆದಿದ್ದಾರೆ. ನಿಮ್ಮ ಮಗು ಆ ನಲ್ಲಿಗೆ ಬಾಯಿ ಹಾಕಿದರೂ ಹೆಕ್ಸಾವಲೆಂಟ್ ಒಳಗೆ ಹೋಗುವುದಿಲ್ಲ. ಬೋಲ್ಟಿನ ಕಥೆ ಬೇರೆ. ಅದಕ್ಕೆ ಮೊದಲು ಝಿಂಕ್ ಹಾಕುತ್ತಾರೆ, ಆಮೇಲೆ ಕ್ರೋಮೇಟ್ ದ್ರಾವಣದಲ್ಲಿ ಕೆಲವು ಸೆಕೆಂಡು ಅದ್ದುತ್ತಾರೆ. ಅದಕ್ಕೆ ಪ್ಯಾಸಿವೇಶನ್ ಅಂತಾರೆ. ಆ ಹಳದಿ ಪದರದಲ್ಲಿ ಹೆಕ್ಸಾವಲೆಂಟ್ ಹಾಗೇ ಉಳಿದಿರುತ್ತದೆ. ಉಳಿಯುವುದರಿಂದಲೇ ಅದು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲೆ ಗೀರು ಬಿದ್ದರೆ ಪಕ್ಕದ ಕ್ರೋಮಿಯಂ ತೇವದಲ್ಲಿ ಕರಗಿ ಬಂದು ಗೀರಿನ ಜಾಗ ಮುಚ್ಚುತ್ತದೆ.

ಈ ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಪ್ಲೇಟಿಂಗ್ ಉದ್ಯಮದಲ್ಲಿ ಯಾವ ದೇಶದ ಕಾನೂನು ಎಲ್ಲಿಯವರೆಗೆ ಮುಟ್ಟುತ್ತದೆ ಅನ್ನುವುದು ಹೆಚ್ಚುಕಡಿಮೆ ಇದರ ಮೇಲೇ ನಿಂತಿದೆ.

ಮೊದಲು ಬೋಲ್ಟು. ಯುರೋಪಿನವರು ಹಳೇ ವಾಹನಗಳ ಬಗ್ಗೆ 2000ದಲ್ಲಿ ಒಂದು ನಿರ್ದೇಶನ ತಂದರು. ಅದರಂತೆ 2007ರ ಜುಲೈ ನಂತರ ಹೊಸ ವಾಹನದ ತುಕ್ಕು ತಡೆಯುವ ಲೇಪನದಲ್ಲಿ ಹೆಕ್ಸಾವಲೆಂಟ್ ಇರುವಂತಿಲ್ಲ. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ರೋಹ್ಸ್ ಅನ್ನುವ ನಿಯಮ 2006ರ ಜುಲೈ 1ರಿಂದ ಜಾರಿಗೆ ಬಂತು. ಸೀಸ, ಪಾದರಸ, ಕ್ಯಾಡ್ಮಿಯಂ ಜೊತೆ ಹೆಕ್ಸಾವಲೆಂಟಿಗೂ ಅದರಲ್ಲಿ ಮಿತಿ ಹಾಕಿದರು, ಹೆಕ್ಸಾವಲೆಂಟಿಗೆ ನೂರಕ್ಕೆ 0.1.

ಆಮೇಲೆ ನಮ್ಮ ಪೀಣ್ಯದಲ್ಲಿ ಏನಾಯಿತು ಅಂತ ಇಲ್ಲಿ ಕೂತಿರುವ ಹಿರಿಯರಿಗೆ ಗೊತ್ತು. ಬ್ರಸೆಲ್ಸಿನಿಂದ ಯಾವ ಅಧಿಕಾರಿಯೂ ಪೀಣ್ಯಕ್ಕೆ ಬರಲಿಲ್ಲ. ಕಸ್ಟಮರ್ ಕಳಿಸುವ ಡ್ರಾಯಿಂಗಿನ ಮೂಲೆಯಲ್ಲಿ ಒಂದು ಸಾಲು ಬದಲಾಯಿತು, ಅಷ್ಟೇ. ಮೊದಲು ಯೆಲ್ಲೋ ಪ್ಯಾಸಿವೇಶನ್ ಅಂತ ಇದ್ದದ್ದು ಟ್ರೈವಲೆಂಟ್, ಅಂದರೆ ಅಷ್ಟು ವಿಷವಲ್ಲದ ರೂಪದ ಕ್ರೋಮಿಯಂ, ಅಂತಾಯಿತು. ಪ್ಲೇಟಿಂಗ್ ಮಾಡುವವನಿಗೆ ರೋಹ್ಸ್ ಅಂದರೇನು ಅಂತ ಗೊತ್ತಿತ್ತೋ ಇಲ್ಲವೋ, ಲಾಟ್ ವಾಪಸ್ ಬಂದರೆ ದುಡ್ಡು ಬರುವುದಿಲ್ಲ ಅಂತ ಚೆನ್ನಾಗಿ ಗೊತ್ತಿತ್ತು. ಕೆಮಿಕಲ್ ಮಾರುವವರು ಹೊಸ ಕ್ಯಾನು ತಂದುಕೊಟ್ಟರು. ಉಪ್ಪುನೀರು ಸಿಂಪಡಿಸಿ ತುಕ್ಕು ನೋಡುವ ಸಾಲ್ಟ್ ಸ್ಪ್ರೇ ಟೆಸ್ಟಿನಲ್ಲಿ ಮೊದಲ ಬ್ಯಾಚುಗಳು ಫೇಲಾದವು, ಬೈಸಿಕೊಂಡರು, ಪಿಎಚ್ ನೋಡುವುದನ್ನು ಕಲಿತರು. ಇವತ್ತು ಅದೇ ಶೆಡ್ಡುಗಳಲ್ಲಿ ತಿಳಿನೀಲಿ ಝಿಂಕ್ ಬೋಲ್ಟುಗಳು ಕ್ರೇಟುಗಟ್ಟಲೆ ಹೊರಡುತ್ತವೆ.

ಇಲ್ಲಿ ತಮಾಷೆ ನೋಡಿ. ನಮ್ಮ ಪೊಲ್ಯೂಷನ್ ಬೋರ್ಡು ಎಷ್ಟೋ ವರ್ಷ ಹೇಳಿದರೂ ತೊಟ್ಟಿಯಿಂದ ಹೋಗದ ಹೆಕ್ಸಾವಲೆಂಟ್, ಎಲ್ಲೋ ಇರುವ ಗಿರಾಕಿಯ ಒಂದು ಸಾಲಿಗೆ ಹೋಯಿತು. ನಮ್ಮದೇ ಇ-ತ್ಯಾಜ್ಯ ನಿಯಮಗಳಲ್ಲಿ ಇದೇ ಮಿತಿ ಬಂದದ್ದು ಆಮೇಲೆ, 2014ರ ಮೇ ತಿಂಗಳಿಂದ. ಅಷ್ಟರಲ್ಲಿ ಎಕ್ಸ್‌ಪೋರ್ಟ್ ಕೆಲಸ ಮಾಡುವವರು ಬದಲಾಗಿಯಾಗಿತ್ತು. ಲೋಕಲ್ ಗೇಟು, ಗ್ರಿಲ್ಲು, ಚಿಲಕದ ಕೆಲಸ ಮಾಡುವವರು ಇನ್ನೂ ಹಳದಿಯಲ್ಲೇ ಇದ್ದಾರೆ. ಒಂದೇ ರಸ್ತೆ, ಒಂದೇ ಚರಂಡಿ.

ಕಿವಿಯೋಲೆಯದ್ದೂ ಇದೇ ಕಥೆ. ನಿಕ್ಕಲ್ ಅಲರ್ಜಿ ಜಾಸ್ತಿ ಅಂತ ಯುರೋಪು 1994ರಲ್ಲಿ ನಿಯಮ ಮಾಡಿತು. ಚರ್ಮಕ್ಕೆ ತಾಗಿರುವ ವಸ್ತುವಿನಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡುಗಡೆ ಆಗಬಾರದು. ಅಲ್ಲಿಗೆ ಹೋಗುವ ಇಮಿಟೇಶನ್ ಆಭರಣ ಎಲ್ಲಿ ತಯಾರಾದರೂ ಅದಕ್ಕೆ ತಲೆಬಾಗಲೇಬೇಕು. ಯಾಕೆಂದರೆ ವಸ್ತುವನ್ನೇ ಪರೀಕ್ಷೆ ಮಾಡಬಹುದು.

ಈಗ ನಲ್ಲಿಗೆ ಬರೋಣ. ಅದಕ್ಕೆ ಮೊದಲು ತೊಟ್ಟಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು.

ಕ್ರೋಮ್ ಬಾತ್ ನೋಡದವರಿಗೆ ಹೇಳುತ್ತೇನೆ. ಕಡು ಕೆಂಪು-ಕಂದು ದ್ರಾವಣ. ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್, ಅದರ ನೂರನೇ ಒಂದು ಭಾಗ ಸಲ್ಫ್ಯೂರಿಕ್ ಆಸಿಡ್. ಅಲಂಕಾರದ ಕೆಲಸಕ್ಕೆ 40 ಡಿಗ್ರಿ ಚಿಲ್ಲರೆ ಬಿಸಿ, ಯಂತ್ರದ ಭಾಗಗಳಿಗೆ ದಪ್ಪವಾಗಿ ಹಾಕುವ ಹಾರ್ಡ್ ಕ್ರೋಮಿಗೆ ಇನ್ನೂ ಜಾಸ್ತಿ. ತೊಟ್ಟಿಗೆ ಕರೆಂಟು ಕೊಡುವ ರೆಕ್ಟಿಫೈಯರ್ ಆನ್ ಮಾಡಿದ ಕೂಡಲೇ ತೊಟ್ಟಿ ಸುಯ್ ಅನ್ನುತ್ತದೆ. ಈ ಬಾತ್ ಎಂಥ ಸೋಮಾರಿ ಅಂದರೆ, ಕೊಟ್ಟ ಕರೆಂಟಿನಲ್ಲಿ ನೂರಕ್ಕೆ ಹತ್ತಿಪ್ಪತ್ತು ಭಾಗ ಮಾತ್ರ ಕ್ರೋಮಿಯಂ ಕೂರಿಸಲು ಹೋಗುತ್ತದೆ. ಉಳಿದದ್ದು ಬಹುಪಾಲು ಹೈಡ್ರೋಜನ್ ಗುಳ್ಳೆ ಮಾಡುವುದಕ್ಕೆ. ಸೋಡಾ ಗ್ಲಾಸಿನ ಮೇಲೆ ಮುಖ ಇಟ್ಟರೆ ಮೂಗಿಗೆ ಹನಿ ಸಿಡಿಯುತ್ತದಲ್ಲ, ಹಾಗೆ ಒಂದೊಂದು ಗುಳ್ಳೆ ಒಡೆದಾಗಲೂ ಕ್ರೋಮಿಕ್ ಆಸಿಡ್ ಮಂಜು ಮೇಲೇಳುತ್ತದೆ. ಹಳೇ ಕ್ರೋಮ್ ಕೆಲಸಗಾರರಲ್ಲಿ ಎರಡು ಹೊಳ್ಳೆಗಳ ನಡುವಿನ ಗೋಡೆಗೇ ತೂತು ಬಿದ್ದಿರುವುದುಂಟು. ನೋವೂ ಅಷ್ಟಾಗಿ ಇರುವುದಿಲ್ಲವಂತೆ. ಇದು ಹೊಸ ಸುದ್ದಿಯೇನಲ್ಲ. ಬ್ರಿಟನ್ 1931ರಲ್ಲೇ ಕ್ರೋಮಿಯಂ ಪ್ಲೇಟಿಂಗಿಗೆ ಪ್ರತ್ಯೇಕ ನಿಯಮ ಮಾಡಿ, ಕೆಲಸಗಾರರ ಕೈ, ಮೂಗು ನಿಯಮಿತವಾಗಿ ಪರೀಕ್ಷಿಸಬೇಕು ಅಂದಿತ್ತು. ಕ್ರೋಮ್ ಪ್ಲೇಟಿಂಗ್ ಅಂಗಡಿಗಳಿಗೆ ಕಾಲಿಟ್ಟು ಆಗಿನ್ನೂ ಕೆಲವೇ ವರ್ಷ ಆಗಿತ್ತು.

ಇಷ್ಟು ಅಪಾಯ ಇರುವುದು ತೊಟ್ಟಿಯ ಸುತ್ತ. ನಲ್ಲಿಯಲ್ಲಿ ಏನೂ ಇಲ್ಲ. ಹಾಗಾಗಿ ಯುರೋಪು ಇದನ್ನು ತಡೆಯಬೇಕಾದರೆ ತೊಟ್ಟಿಯನ್ನೇ ಹಿಡಿಯಬೇಕಾಯಿತು. ರೀಚ್ ಅನ್ನುವ ರಾಸಾಯನಿಕಗಳ ಕಾನೂನಿನಲ್ಲಿ ಕ್ರೋಮಿಯಂ ಟ್ರೈಆಕ್ಸೈಡನ್ನು, ಅಂದರೆ ಈ ಕ್ರೋಮಿಕ್ ಆಸಿಡ್ ಮಾಡುವ ವಸ್ತುವನ್ನು, ಅನುಮತಿ ಬೇಕಾದ ಪಟ್ಟಿಗೆ ಸೇರಿಸಿದರು. 2017ರ ಸೆಪ್ಟೆಂಬರ್ 21ರ ನಂತರ ಅನುಮತಿ ಇಲ್ಲದೆ ಬಳಸುವ ಹಾಗಿಲ್ಲ. ಸರಬರಾಜು ಮಾಡುವ ಕಂಪನಿಗಳ ಒಂದು ಗುಂಪು ಎಲ್ಲರ ಪರವಾಗಿ ಒಂದೇ ದೊಡ್ಡ ಅರ್ಜಿ ಹಾಕಿತು. ಯುರೋಪಿಯನ್ ಕಮಿಷನ್ 2020ರ ಡಿಸೆಂಬರಿನಲ್ಲಿ ಅನುಮತಿ ಕೊಟ್ಟಿತು. ಅವರದೇ ಪಾರ್ಲಿಮೆಂಟು ಕಮಿಷನ್ ಮೇಲೆ ಕೇಸು ಹಾಕಿತು! 2023ರ ಏಪ್ರಿಲ್ 20ರಂದು ಕೋರ್ಟು ಆ ಅನುಮತಿಯ ದೊಡ್ಡ ಭಾಗ ರದ್ದು ಮಾಡಿತು. ಕೆಲಸಗಾರರಿಗೆ ಎಷ್ಟು ತಾಗುತ್ತದೆ, ಬದಲಿ ಏನಿದೆ ಅನ್ನುವ ಮಾಹಿತಿ ಸಾಲದೇ ಅನುಮತಿ ಕೊಟ್ಟಿದ್ದೀರಿ ಅಂತ. ಈಗ ಬೇರೆ ದಾರಿ ಹಿಡಿದಿದ್ದಾರೆ. 2025ರ ಏಪ್ರಿಲಿನಲ್ಲಿ ಅವರ ರಾಸಾಯನಿಕ ಸಂಸ್ಥೆ ಹೊಸ ನಿರ್ಬಂಧದ ಪ್ರಸ್ತಾವ ಮುಂದಿಟ್ಟಿದೆ.

ಇದರ ನಡುವೆ ಒಂದು ಸಣ್ಣ ಪ್ರಶ್ನೆ. ಹೊರದೇಶದಲ್ಲಿ ಅದೇ ಹೆಕ್ಸಾವಲೆಂಟ್ ತೊಟ್ಟಿಯಲ್ಲಿ ಕ್ರೋಮ್ ಮಾಡಿಸಿದ ನಲ್ಲಿ ಯುರೋಪಿಗೆ ಬಂದರೆ? ಬರಬಹುದು. ಆ ಅನುಮತಿ ಪಟ್ಟಿ ಆಮದಾಗುವ ಸಿದ್ಧ ವಸ್ತುವಿಗೆ ಅನ್ವಯಿಸುವುದಿಲ್ಲ. ಕಸ್ಟಮ್ಸಿನಲ್ಲಿ ಪರೀಕ್ಷೆ ಮಾಡಿದರೂ ಏನೂ ಸಿಗುವುದಿಲ್ಲ. ಜರ್ಮನಿಯ ಪ್ಲೇಟಿಂಗ್ ಮಾಲೀಕ ಲಕ್ಷಾಂತರ ಯೂರೋ ಖರ್ಚು ಮಾಡಿ ಅರ್ಜಿ ಹಾಕಬೇಕು, ಇಲ್ಲವೇ ತೊಟ್ಟಿ ಬದಲಿಸಬೇಕು. ಅವನ ಗಿರಾಕಿ ಕೆಲಸವನ್ನು ಗಡಿಯಾಚೆ ಕೊಟ್ಟರೆ ಮುಗಿಯಿತು. ಯುರೋಪು ಈಗ ಆಮದಾಗುವ ಉಕ್ಕು, ಸಿಮೆಂಟು, ಅಲ್ಯೂಮಿನಿಯಂ ಮೇಲೆ ಇಂಗಾಲದ ಲೆಕ್ಕ ಕೇಳುತ್ತಿದೆ. ಕ್ರೋಮಿಯಂ ಮಂಜಿನ ಲೆಕ್ಕವನ್ನು ಗಡಿಯಲ್ಲಿ ಕೇಳುವವರು ಯಾರೂ ಇಲ್ಲ.

ಕ್ಯಾಲಿಫೋರ್ನಿಯಾ ಇನ್ನೂ ಕಡ್ಡಿ ಮುರಿದಂತೆ ಹೇಳಿದೆ. 2023ರ ಮೇ ತಿಂಗಳಲ್ಲಿ ತೀರ್ಮಾನ. 2024ರಿಂದ ಹೊಸ ಹೆಕ್ಸಾವಲೆಂಟ್ ಘಟಕ ಇಲ್ಲ. ಅಲಂಕಾರದ ಕ್ರೋಮಿಗೆ 2027ರ ಜನವರಿ ಗಡುವು, ಕಟ್ಟಡವನ್ನು ಬಿಗಿಯಾಗಿ ಮುಚ್ಚಿಕೊಂಡವರಿಗೆ 2030ರವರೆಗೆ. ಹಾರ್ಡ್ ಕ್ರೋಮಿಗೆ 2039. ಪಕ್ಕದ ನೆವಾಡಾದಲ್ಲಿ ಈ ನಿಯಮ ಇಲ್ಲ. ಒಂದೇ ದೇಶ, ಲಾರಿಯಲ್ಲಿ ಅರ್ಧ ದಿನದ ದಾರಿ.

ಇಲ್ಲಿಗೆ ನೀವು ಒಂದು ಲೆಕ್ಕ ಹಾಕಿರುತ್ತೀರಿ. ಅವರ ಕಾನೂನು ಬಿಗಿ, ನಮ್ಮದು ಸಡಿಲ, ಅದಕ್ಕೇ ಕೆಲಸ ಇಲ್ಲಿಗೆ ಬರುತ್ತದೆ, ಅಲ್ವಾ? ನಾನು ಮಾಲೀಕರ ಸಂಘದ ಮೀಟಿಂಗುಗಳಿಗೂ ಹೋಗುತ್ತೇನೆ. ಅಲ್ಲಿ ಮಾತ್ರ ಉಲ್ಟಾ ದೂರು: ನಮ್ಮ ಬೋರ್ಡು ವಿಪರೀತ ಬಿಗಿ, ಹೊರದೇಶದಲ್ಲಿ ಹೀಗಿಲ್ಲ ಅಂತ. ಕಾಗದ ತೆಗೆದು ನೋಡೋಣ.

ಪ್ಲೇಟಿಂಗ್ ಘಟಕದಿಂದ ಹೊರಬೀಳುವ ನೀರಿನಲ್ಲಿ ಹೆಕ್ಸಾವಲೆಂಟ್ ಎಷ್ಟಿರಬಹುದು? ಭಾರತದಲ್ಲಿ ಲೀಟರಿಗೆ 0.1 ಮಿಲಿಗ್ರಾಂ. ಜರ್ಮನಿಯಲ್ಲೂ 0.1. ಚೀನಾದಲ್ಲಿ 2008ರ ಮಾನದಂಡದಂತೆ 0.2, ಸೂಕ್ಷ್ಮ ಪ್ರದೇಶಗಳಲ್ಲಿ 0.1. ಜಪಾನಿನಲ್ಲಿ ತೀರಾ ಇತ್ತೀಚಿನವರೆಗೆ 0.5 ಇತ್ತು, 2024ರ ಏಪ್ರಿಲಿನಲ್ಲಿ 0.2ಕ್ಕೆ ಇಳಿಸಿದರು, ಅದರಲ್ಲೂ ಪ್ಲೇಟಿಂಗಿನವರಿಗೆ ಕೆಲವು ವರ್ಷದ ರಿಯಾಯಿತಿ ಕೊಟ್ಟರು. ಅಂದರೆ ಕಾಗದದಲ್ಲಿ ಪೀಣ್ಯ ಒಸಾಕಾಗಿಂತ ಬಿಗಿ! ನಿಕ್ಕಲ್ ತೆಗೆದುಕೊಳ್ಳಿ. ನಮ್ಮಲ್ಲಿ 3 ಮಿಲಿಗ್ರಾಂ, ಅಮೆರಿಕದ ಕೇಂದ್ರ ನಿಯಮದಲ್ಲಿ ಒಂದು ದಿನದ ಗರಿಷ್ಠ 3.98. ಜರ್ಮನಿ, ಚೀನಾ ಎರಡರಲ್ಲೂ 0.5.

ನೀರಿನಲ್ಲಿ ಹೀಗಾದರೆ ಗಾಳಿಯಲ್ಲಿ ನಾವು ನಿಜವಾಗಿ ಹಿಂದೆ. ಕೆಲಸಗಾರ ಉಸಿರಾಡುವ ಗಾಳಿಯಲ್ಲಿ ಅಮೆರಿಕ 2006ರಿಂದ ಘನ ಮೀಟರಿಗೆ 5 ಮೈಕ್ರೋಗ್ರಾಂ ಮಿತಿ ಇಟ್ಟಿದೆ. ಯುರೋಪು 2025ರಿಂದ 5, ಫ್ರಾನ್ಸ್ 1. ನಮ್ಮ ಫ್ಯಾಕ್ಟರಿ ಕಾಯ್ದೆಯ ಪಟ್ಟಿಯಲ್ಲಿ ಇದ್ದದ್ದು 0.05 ಮಿಲಿಗ್ರಾಂ, ಅಂದರೆ 50 ಮೈಕ್ರೋಗ್ರಾಂ. ಹತ್ತು ಪಟ್ಟು. ಇದರ ಬಗ್ಗೆ ಯಾವ ಮೀಟಿಂಗಿನಲ್ಲೂ ಮಾತು ಬರುವುದಿಲ್ಲ. ಚರಂಡಿಯ ಬಣ್ಣ ಊರಿಗೆಲ್ಲ ಕಾಣುತ್ತದೆ, ಹುಡುಗನ ಮೂಗಿನ ಒಳಗೆ ಯಾರು ನೋಡುತ್ತಾರೆ?

ಹಾಗಾದರೆ ನೀರಿನ ಅಂಕಿ ಇಷ್ಟು ಬಿಗಿಯಾಗಿದ್ದೂ ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವಲೆಂಟ್ ಯಾಕೆ ಸಿಗುತ್ತದೆ? ಸಿಗುತ್ತದೆ ಅನ್ನುವುದು ಸರ್ಕಾರಿ ಅಧ್ಯಯನಗಳಲ್ಲೇ ದಾಖಲಾಗಿದೆ. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಲಗ್ಗೆರೆ ಕಡೆ ಮನೆಗಳ ಮಧ್ಯೆಯೇ ತೊಟ್ಟಿ ಇಟ್ಟಿರುವವರು ಇದ್ದಾರೆ. ಆ ನೀರು ವೃಷಭಾವತಿ ಸೇರಿ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕಾವೇರಿಗೆ ಹೋಗುತ್ತದೆ. ಇದಕ್ಕೆ ಉತ್ತರವಾಗಿ ಸುಮ್ನೆ ಭ್ರಷ್ಟಾಚಾರ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ಭ್ರಷ್ಟಾಚಾರ ಇಲ್ಲ ಅಂತಲ್ಲ. ಆದರೆ ನನಗೆ ಹೆಚ್ಚು ಕಣ್ಣಿಗೆ ಬೀಳುವುದು ಬೇರೆ. ಜಾಗ.

ಸಾಮಾನು ನೇತುಹಾಕುವ ಚೌಕಟ್ಟಿಗೆ ಜಿಗ್ಗು ಅಂತಾರೆ. ಪ್ಲೇಟಿಂಗ್ ಆದ ಜಿಗ್ಗನ್ನು ಮೇಲೆತ್ತಿದಾಗ ಅದರ ಮೈಗೆ ದ್ರಾವಣ ಅಂಟಿಕೊಂಡು ಬರುತ್ತದೆ. ಡ್ರ್ಯಾಗ್ ಔಟ್ ಅಂತಾರೆ. ಅದನ್ನು ತೊಳೆಯಬೇಕು. ಒಂದು ಲೀಟರು ಹೀಗೆ ಅಂಟಿ ಬಂತು, ಅದನ್ನು ಸಾವಿರ ಪಟ್ಟು ತೆಳುವಾಗಿಸಬೇಕು ಅಂತಿಟ್ಟುಕೊಳ್ಳಿ. ತೊಳೆಯುವ ತೊಟ್ಟಿ ಒಂದೇ ಇದ್ದರೆ ಸಾವಿರ ಲೀಟರು ನೀರು ಬೇಕು. ಎರಡು ತೊಟ್ಟಿ ಸಾಲಾಗಿಟ್ಟು, ನೀರನ್ನು ಹಿಂದಿನಿಂದ ಮುಂದಕ್ಕೆ, ಅಂದರೆ ಜಿಗ್ಗು ಹೋಗುವ ದಿಕ್ಕಿಗೆ ಎದುರಾಗಿ ಹರಿಸಿದರೆ 32 ಲೀಟರು ಸಾಕು. ಮೂರು ತೊಟ್ಟಿ ಇಟ್ಟರೆ 10. ಇದು ಲೆಕ್ಕ, ಮಾಯೆಯಲ್ಲ. ಸಾವಿರ ಲೀಟರನ್ನು ಶುದ್ಧ ಮಾಡುವುದಕ್ಕೂ ಹತ್ತು ಲೀಟರನ್ನು ಶುದ್ಧ ಮಾಡುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಹತ್ತು ಲೀಟರಾದರೆ ಎಷ್ಟೋ ಸಲ ವಾಪಸ್ ಬಾತಿಗೇ ಸುರಿಯಬಹುದು, ಕೆಮಿಕಲ್ ದುಡ್ಡೂ ಉಳಿಯುತ್ತದೆ.

ಜರ್ಮನಿಯ ಶಾಪಿನಲ್ಲಿ ಮೂರನೇ ತೊಟ್ಟಿ ಇಡಲು ಜಾಗ ಇದೆ. ನಮ್ಮ ಬಾಡಿಗೆ ಶೆಡ್ಡಿನಲ್ಲಿ ಆ ಜಾಗದಲ್ಲಿ ಬಫಿಂಗ್ ಮೆಷಿನ್ ಇದೆ, ಅದರ ಪಕ್ಕ ಗ್ಯಾಸ್ ಸ್ಟವ್. ಬೋರ್ಡಿನವರು 0.1 ಅಂತ ಬರೆದು ಹೋಗುತ್ತಾರೆ. ಮೂರನೇ ತೊಟ್ಟಿಯನ್ನು ಎಲ್ಲಿ ಇಡಬೇಕು ಅಂತ ಯಾರೂ ಹೇಳುವುದಿಲ್ಲ.

ಚೀನಾದವರು ಇದನ್ನು ಬೇರೆ ರೀತಿ ಬಿಡಿಸಿದರು. ಚಿಲ್ಲರೆ ಘಟಕಗಳನ್ನು ಮುಚ್ಚಿಸಿ ಪ್ಲೇಟಿಂಗಿಗೆಂದೇ ಪಾರ್ಕುಗಳನ್ನು ಕಟ್ಟಿದರು. ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಇಂಥವು ಹಲವು. ಮಹಡಿ ಮೇಲೆ ಮಹಡಿ ಬಾಡಿಗೆ ಘಟಕಗಳು. ಕ್ರೋಮ್ ನೀರಿಗೆ ಒಂದು ಪೈಪು, ನಿಕ್ಕಲ್ಲಿಗೆ ಒಂದು, ಸೈನೈಡಿಗೆ ಒಂದು, ಎಲ್ಲ ಹೋಗಿ ಒಂದೇ ಶುದ್ಧೀಕರಣ ಘಟಕ ಸೇರುತ್ತವೆ. ಬೇರೆ ಬೇರೆ ಪೈಪು ಯಾಕೆಂದರೆ, ಕ್ರೋಮ್ ನೀರಿಗೆ ಮೊದಲು ಆಸಿಡ್ ಹಾಕಿ ಪಿಎಚ್ 2-3ಕ್ಕೆ ತಂದು, ಮೆಟಾಬೈಸಲ್ಫೈಟ್ ಹಾಕಿ ಹಳದಿಯನ್ನು ಹಸಿರು, ಅಂದರೆ ಹೆಕ್ಸಾವಲೆಂಟನ್ನು ಟ್ರೈವಲೆಂಟ್, ಮಾಡಬೇಕು, ಆಮೇಲೆ ಸುಣ್ಣ. ಸೈನೈಡ್ ನೀರಿಗೆ ಆಸಿಡ್ ತಾಗಿದರೆ ಮನುಷ್ಯ ಸಾಯುತ್ತಾನೆ. ಒಂದೇ ಗುಂಡಿಗೆ ಎರಡನ್ನೂ ಬಿಡುವವರನ್ನು ನಾನು ನೋಡಿದ್ದೇನೆ. ಹೆಸರು ಬೇಡ. ಚೀನಾದ ದಾರಿಗೂ ಬೆಲೆ ಇದೆ. ಬಾಡಿಗೆ ಕಟ್ಟಲಾಗದ ಸಣ್ಣವರು ಆ ಪಾರ್ಕಿನ ಒಳಗೆ ಹೋಗಲಾರರು. ನಮ್ಮಲ್ಲಿ ಲುಧಿಯಾನದಲ್ಲಿ ಅರ್ಧ ದಾರಿ ಹೋಗಿದ್ದಾರೆ. ಘಟಕ ಇದ್ದಲ್ಲೇ ಇರುತ್ತದೆ, ಟ್ಯಾಂಕರ್ ಬಂದು ಕೊಳಕು ನೀರನ್ನು ಸಾಮೂಹಿಕ ಘಟಕಕ್ಕೆ ಒಯ್ಯುತ್ತದೆ. ಟ್ಯಾಂಕರಿಗೆ ಲೀಟರ್ ಲೆಕ್ಕದಲ್ಲಿ ದುಡ್ಡು ಕೊಡಬೇಕಾದಾಗ ನೀರು ಉಳಿಸುವ ಬುದ್ಧಿ ಬರುತ್ತದೆ. ರಾತ್ರಿ ಚರಂಡಿಗೆ ಬಿಡುವ ಬುದ್ಧಿಯೂ ಬರುತ್ತದೆ.

ಶ್ರೀಮಂತ ದೇಶಗಳಲ್ಲಿ ಹೀಗಾಗುವುದಿಲ್ಲ ಅಂದುಕೊಳ್ಳಬೇಡಿ. 2019ರ ಡಿಸೆಂಬರ್, ಕ್ರಿಸ್‌ಮಸ್ಸಿಗೆ ಐದು ದಿನ ಮೊದಲು. ಅಮೆರಿಕದ ಮಿಶಿಗನ್ ರಾಜ್ಯ, ಡೆಟ್ರಾಯಿಟ್ ಪಕ್ಕದ ಮ್ಯಾಡಿಸನ್ ಹೈಟ್ಸ್. ಹೆದ್ದಾರಿ 696ರ ತಡೆಗೋಡೆಯಿಂದ ಹಸಿರು-ಹಳದಿ ದ್ರವ ಜಿನುಗಿ ರಸ್ತೆಗೆ ಬಂತು. ಹುಡುಕಿದರೆ ಮೇಲೆ ಒಂದು ಪ್ಲೇಟಿಂಗ್ ಘಟಕ. ಅದನ್ನು ರಾಜ್ಯ ಸರ್ಕಾರ 2016ರಲ್ಲೇ ಮುಚ್ಚಿಸಿತ್ತು. ಆಗ ಅಲ್ಲಿ 5,000ಕ್ಕೂ ಹೆಚ್ಚು ಡ್ರಮ್ಮು, ಡಬ್ಬಿಗಳಲ್ಲಿ ಅಪಾಯಕಾರಿ ತ್ಯಾಜ್ಯ ಸಿಕ್ಕಿತ್ತು. ನೆಲಮಾಳಿಗೆಯಲ್ಲಿ ಬರೀ ಮಣ್ಣು ಅಗೆದು ಮಾಡಿದ ಗುಂಡಿ. ಅದರಲ್ಲಿದ್ದದ್ದು ನೆಲದೊಳಗೇ ಹರಿದು ಹೆದ್ದಾರಿವರೆಗೆ ಬಂದಿತ್ತು. ನಮ್ಮ ಯಾವ ಹಿಂದಿನ ಬೀದಿಯಲ್ಲಾದರೂ ಇಂಥ ಗುಂಡಿ ನೋಡಬಹುದು. ವ್ಯತ್ಯಾಸ ಇಷ್ಟೇ: ಅಲ್ಲಿ ಮಾಲೀಕನಿಗೆ ಒಂದು ವರ್ಷ ಜೈಲಾಯಿತು.

ಅದೇ ರಾಜ್ಯದ ಇನ್ನೊಂದು ಸಂಗತಿ, ಸ್ವಲ್ಪ ದಾರಿ ತಪ್ಪಿದರೂ ಹೇಳಿಬಿಡುತ್ತೇನೆ. ಕ್ರೋಮ್ ಮಂಜನ್ನು ತಡೆಯಲು ಬಾತಿಗೆ ಪಿಎಫ್‌ಒಎಸ್ ಅನ್ನುವ ನೊರೆ ಬರಿಸುವ ವಸ್ತು ಹಾಕುತ್ತಿದ್ದರು. ನೊರೆ ಮೇಲೆ ಕೂತರೆ ಮಂಜು ಏಳುವುದಿಲ್ಲ. ಕೆಲಸಗಾರನ ಶ್ವಾಸಕೋಶ ಉಳಿಯಿತು, ಗಾಳಿಯ ನಿಯಮ ಪಾಸಾಯಿತು. ಆದರೆ ಆ ಪಿಎಫ್‌ಒಎಸ್ ನೀರಿಗೆ ಹೋದರೆ ಕೊಳೆಯುವುದೇ ಇಲ್ಲ. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದು ಸೇರಿತು, ಆಗಲೂ ಪ್ಲೇಟಿಂಗಿಗೆ ವಿನಾಯಿತಿ ಇತ್ತು. ಅಮೆರಿಕ 2015ರಲ್ಲಿ ಕ್ರೋಮ್ ತೊಟ್ಟಿಗಳಿಂದ ಅದನ್ನು ತೆಗೆಸಿತು. 2018ರಲ್ಲಿ ಮಿಶಿಗನ್ನಿನ ಹ್ಯೂರಾನ್ ನದಿಯ ಮೀನು ತಿನ್ನಬೇಡಿ ಅಂತ ಜನರಿಗೆ ಹೇಳಬೇಕಾಯಿತು. ಮೂಲ ಹುಡುಕಿದಾಗ ಒಂದು ಪ್ಲೇಟಿಂಗ್ ಘಟಕ ಸಿಕ್ಕಿತು. ಗಾಳಿಯ ಇಲಾಖೆ ಹೇಳಿದ್ದನ್ನು ಮಾಡಿ ನೀರಿನ ಇಲಾಖೆಗೆ ಸಿಕ್ಕಿಬಿದ್ದ ಕಥೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ನಲ್ಲಿಗೂ ಟ್ರೈವಲೆಂಟ್ ಬಾತ್ ಇದೆಯಲ್ಲ ಸರ್, ಎಲ್ಲರೂ ಅದಕ್ಕೇ ಹೋದರೆ ಆಯಿತಲ್ಲ?

ಇದೆ. ಅಲಂಕಾರದ ಕೆಲಸಕ್ಕೆ ಚೆನ್ನಾಗಿಯೇ ನಡೆಯುತ್ತದೆ. ದುಬಾರಿ, ನಿಜ. ಬಾತಿಗೆ ಸ್ವಲ್ಪ ಕಬ್ಬಿಣ, ತಾಮ್ರ ಸೇರಿದರೂ ಮುನಿಸಿಕೊಳ್ಳುತ್ತದೆ. ಆಗಾಗ ಲ್ಯಾಬ್ ಪರೀಕ್ಷೆ ಬೇಕು. ಕಣ್ಣಳತೆಯಲ್ಲಿ ನಡೆಸುವ ಶೆಡ್ಡಿಗೆ ಅದು ಕಷ್ಟ. ಇನ್ನೊಂದು ತೊಡಕು ಬಣ್ಣದ್ದು. ಅದು ತುಸು ಮಬ್ಬು. ಪಕ್ಕದಲ್ಲಿ ಹಳೇ ಹೆಕ್ಸಾವಲೆಂಟ್ ನಲ್ಲಿ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಬಾತ್‌ರೂಮಿಗೆ ಲಕ್ಷ ಸುರಿಯುವ ಗಿರಾಕಿ ನಲ್ಲಿ ಒಂದು ಬಣ್ಣ, ಶವರ್ ಒಂದು ಬಣ್ಣ ಅಂದರೆ ವಾಪಸ್ ಕಳಿಸುತ್ತಾನೆ. ಆದರೂ ಇದು ಆಗುವ ಕೆಲಸ. ನಲ್ಲಿ ಕೊಳ್ಳುವ ದೊಡ್ಡ ಕಂಪನಿಗಳು ಬೋಲ್ಟಿನ ವಿಷಯದಲ್ಲಿ ಮಾಡಿದ ಹಾಗೆ ಡ್ರಾಯಿಂಗಿನಲ್ಲಿ ಒಂದು ಸಾಲು ಬರೆದರೆ ಎರಡು ಮೂರು ವರ್ಷದಲ್ಲಿ ಪೀಣ್ಯ ಬದಲಾಗುತ್ತದೆ. ಬರೆದರೆ ಸಾಲದು, ಬಂದು ತೊಟ್ಟಿ ನೋಡಬೇಕು. ಯಾಕೆಂದರೆ ಈ ಸಲ ಲ್ಯಾಬು ಸುಲಭಕ್ಕೆ ಹಿಡಿದುಕೊಡುವುದಿಲ್ಲ.

ಹಾರ್ಡ್ ಕ್ರೋಮಿಗೆ ಮಾತ್ರ ನನ್ನ ಹತ್ತಿರ ಇಷ್ಟು ಸಲೀಸಾದ ಉತ್ತರ ಇಲ್ಲ. ಜೆಸಿಬಿ ತೋಳಿನ ಒಳಗೆ ಜಾರುವ ಆ ಹೊಳೆಯುವ ರಾಡು ಇದೆಯಲ್ಲ, ಅದರ ಮೇಲಿನ ಪದರ ನಲ್ಲಿಯ ಪದರಕ್ಕಿಂತ ಹತ್ತಾರು ಪಟ್ಟು ದಪ್ಪ, ಕೆಲವೊಮ್ಮೆ ನೂರಾರು ಪಟ್ಟು. ಟ್ರೈವಲೆಂಟಿನಲ್ಲಿ ಅಷ್ಟು ದಪ್ಪವನ್ನು ಅದೇ ಗುಣದಲ್ಲಿ, ಅದೇ ದರದಲ್ಲಿ ಕೂರಿಸುವುದು ಇನ್ನೂ ಸುಲಭವಾಗಿಲ್ಲ. ವಿಮಾನದ ಲ್ಯಾಂಡಿಂಗ್ ಗೇರಿಗೆ ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಬೆಂಕಿಯ ಜ್ವಾಲೆಯ ಮೂಲಕ ಭಾರೀ ವೇಗದಲ್ಲಿ ಸಿಡಿಸಿ ಲೇಪಿಸುತ್ತಾರೆ. ಅದರ ಖರ್ಚನ್ನು ವಿಮಾನ ತಡೆಯುತ್ತದೆ, ಟ್ರ್ಯಾಕ್ಟರ್ ತಡೆಯುವುದಿಲ್ಲ. ಕ್ಯಾಲಿಫೋರ್ನಿಯಾದವರು ನಲ್ಲಿಗೆ 2027, ರಾಡಿಗೆ 2039 ಅಂತ ಹನ್ನೆರಡು ವರ್ಷದ ಅಂತರ ಇಟ್ಟಿರುವುದು ಇದಕ್ಕೇ. ಅಲ್ಲಿಯವರೆಗೆ ಹಾರ್ಡ್ ಕ್ರೋಮ್ ಮಾಡುವ ನಮ್ಮವರು ತೊಟ್ಟಿಯ ಅಂಚಿಗೆ ಎಕ್ಸಾಸ್ಟ್ ಹಾಕಿಸಲಿ, ಮೂರನೇ ರಿನ್ಸ್ ತೊಟ್ಟಿಗೆ ಜಾಗ ಮಾಡಲಿ, ಹುಡುಗರ ಮೂಗನ್ನು ವರ್ಷಕ್ಕೆರಡು ಸಲ ಡಾಕ್ಟರಿಗೆ ತೋರಿಸಲಿ. ಎಕ್ಸಾಸ್ಟಿಗೆ ಎಷ್ಟು ಹಾರ್ಸ್‌ಪವರಿನ ಮೋಟರ್ ಬೇಕು ಅನ್ನುವುದು ತೊಟ್ಟಿಯ ಅಗಲದ ಮೇಲೆ ಹೋಗುತ್ತದೆ. ನಿಮ್ಮ ತೊಟ್ಟಿಯ ಅಳತೆ ತಂದವರು ಆಮೇಲೆ ಬನ್ನಿ, ಕೂತು ಲೆಕ್ಕ ಹಾಕೋಣ.